ಗಣಕದ ತಿರುಗಾಟ, ಕಳೆದುಹೋದ ಪೆಟ್ಟಿಗೆ

"ಯಾರೋ ನನ್ನ ಕಂಪ್ಯೂಟರ್ ಬದಲಾಯಿಸಿಬಿಟ್ಟಿದ್ದಾರೆ ನೋಡಪ್ಪಾ. ಮೊಮ್ಮಗಳ ಫೋಟೋನೂ ಇಲ್ಲ, ನನ್ನ ಫೈಲುಗಳೂ ಇಲ್ಲ."

2012ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹತ್ತೂಕಾಲರ ಹೊತ್ತಿಗೆ, ಬೆಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದ ಹಿರಿಯ ಮೇಡಂ ಒಬ್ಬರು ಇಂಟರ್‌ಕಾಮಿನಲ್ಲಿ ನನಗೆ ಹೇಳಿದ ಮಾತಿದು. ಆ ಕಚೇರಿಯ ಅರವತ್ತು ಗಣಕಗಳ ಜಾಲವನ್ನು ನೋಡಿಕೊಳ್ಳುವುದು ಆಗ ನನ್ನ ಕೆಲಸ. ಅವರು ಕರೆ ಮಾಡಿದ ಹೊತ್ತಿಗೆ ನನ್ನ ಮುಂದೆ ಕೆಟ್ಟುನಿಂತ ಪ್ರಿಂಟರೊಂದು ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು, ಕೈಯೆಲ್ಲ ಮಸಿ. "ಸರ್ವರಿನಲ್ಲಿ ಎಲ್ಲ ಭದ್ರವಾಗಿರುತ್ತೆ ಮೇಡಂ. ನೀವು ಕೆಲಸ ಮಾಡ್ತಾ ಇರಿ, ಸಂಜೆ ಬಂದು ನೋಡ್ತೀನಿ" ಅಂದುಬಿಟ್ಟೆ.

ಅವರು ನನ್ನ ಮಾತು ನಂಬಿದರು. ಮಧ್ಯಾಹ್ನದ ಊಟಕ್ಕೂ ಸರಿಯಾಗಿ ಏಳದೆ ಲೆಕ್ಕಪರಿಶೋಧಕರ ಮೂವತ್ತೆಂಟು ಆಕ್ಷೇಪಣೆಗಳಿಗೆ ಉತ್ತರ ಬೆರಳಚ್ಚು ಮಾಡಿದರು. ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಉಳಿಸಿ, ಐದೂವರೆಗೆ ಲಾಗ್ ಆಫ್ ಮಾಡಿ ಬಸ್ಸು ಹಿಡಿದರು. ಆರು ಗಂಟೆಗೆ ನಾನು ಹೋದಾಗ ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಇಡೀ ದಿನದ ದುಡಿಮೆಯನ್ನು ವಿಂಡೋಸ್ ತಾನೇ ಗುಡಿಸಿ ಹೊರಗೆ ಹಾಕಿತ್ತು. ವೈರಸ್ ಅಲ್ಲ, ಡಿಸ್ಕ್ ಕೆಟ್ಟದ್ದಲ್ಲ, ಯಾರ ಕಿತಾಪತಿಯೂ ಅಲ್ಲ. ವಿಂಡೋಸ್ ತನ್ನ ನಿಯಮದಂತೆಯೇ ನಡೆದುಕೊಂಡಿತ್ತು. ನಿಯಮ ತಿಳಿದಿದ್ದ ನಾನು ಮಾತ್ರ ಆ ಹೊತ್ತಿಗೆ ಅದನ್ನು ಹೇಳಲಿಲ್ಲ.

ಇದು 'ರೋಮಿಂಗ್ ಪ್ರೊಫೈಲ್' ಎಂಬ ಏರ್ಪಾಟಿನ ಕತೆ. ದೊಡ್ಡ ಕಚೇರಿಯಲ್ಲಿ, ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ, ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ದುಡಿದವರಿಗೆ ಹೆಸರು ಗೊತ್ತಿಲ್ಲದಿದ್ದರೂ ಇದರ ಕಾಟ ಗೊತ್ತಿರುತ್ತದೆ. ಬೆಳಿಗ್ಗೆ ಲಾಗಿನ್ ಆಗಲು ಹತ್ತು ನಿಮಿಷ, ಸಂಜೆ ಹೊರಬೀಳಲು ಇನ್ನೊಂದು ಹತ್ತು ನಿಮಿಷ, ನಡುವೆ ಒಂದು ದಿನ ಇದ್ದಕ್ಕಿದ್ದಂತೆ ಬೋಳು ತೆರೆ!

ಚೌಕಿಗೆ ಬಂದ ಪೆಟ್ಟಿಗೆ

ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿಗೆ ಹೊರಟು ಪತ್ತನಾಜೆಯವರೆಗೆ ಊರೂರು ಸುತ್ತುತ್ತವೆ. ಇದಕ್ಕೆ ತಿರುಗಾಟ ಎಂದೇ ಹೆಸರು. ಸಂಜೆ ಚೌಕಿಯಲ್ಲಿ ಪೆಟ್ಟಿಗೆಗಳು ಬಿಚ್ಚಿಕೊಳ್ಳುತ್ತವೆ. ಕಿರೀಟ, ಭುಜಕೀರ್ತಿ, ಗೆಜ್ಜೆ ಎಲ್ಲ ಹೊರಬಂದು ಆಟ ಮುಗಿದ ಮೇಲೆ ಮತ್ತೆ ಪೆಟ್ಟಿಗೆ ಸೇರಿ ಮುಂದಿನ ಊರಿಗೆ ಹೊರಡುತ್ತವೆ. ವೇಷಧಾರಿ ಯಾವ ಊರಿನ ಚೌಕಿಯಲ್ಲಿ ಕೂತರೂ ಅವನ ಕಿರೀಟ ಅವನ ಎದುರಿಗಿರುತ್ತದೆ.

ಗಣಕದ ರೋಮಿಂಗ್ ಕೂಡ ಇಂಥದೇ ತಿರುಗಾಟ. ನಿಮ್ಮ ಡೆಸ್ಕ್‌ಟಾಪಿನ ಚಿತ್ರ, ಅದರ ಮೇಲಿನ ಫೈಲುಗಳು, ಮೈ ಡಾಕ್ಯುಮೆಂಟ್ಸ್, ಪ್ರಿಂಟರುಗಳ ಆಯ್ಕೆ, ವರ್ಡಿನ ನಿಘಂಟಿಗೆ ನೀವು ಸೇರಿಸಿದ ಪದಗಳು, ಇವೆಲ್ಲ ಸೇರಿ ನಿಮ್ಮ 'ಪ್ರೊಫೈಲ್'. ಸಾಮಾನ್ಯವಾಗಿ ಇದು ನೀವು ಕೂರುವ ಗಣಕದಲ್ಲೇ ಇರುತ್ತದೆ. 1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4.0ರ ಕಾಲಕ್ಕೆ ಇದನ್ನು ಸರ್ವರಿನಲ್ಲಿಟ್ಟು, ಬಳಕೆದಾರ ಎಲ್ಲಿ ಕೂತರೆ ಅಲ್ಲಿಗೆ ತರಿಸುವ ಪದ್ಧತಿ ಕಚೇರಿಗಳಲ್ಲಿ ಬಳಕೆಗೆ ಬಂತು. ಮೂರನೇ ಮಹಡಿಯ ಗಣಕ ಕೆಟ್ಟರೆ ಎರಡನೇ ಮಹಡಿಗೆ ಹೋಗಿ ಕೂತರಾಯಿತು, ಅಲ್ಲೂ ನಿಮ್ಮದೇ ತೆರೆ. ಎಂಥ ಸೊಗಸು!

ಆದರೆ ಮೇಳಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ, ಅಷ್ಟೂ ಕಷ್ಟ ಹುಟ್ಟುವುದು ಅಲ್ಲೇ. ಮೇಳದಲ್ಲಿ ಇರುವುದು ಒಂದೇ ಪೆಟ್ಟಿಗೆ. ಗಣಕದಲ್ಲಿ ಪೆಟ್ಟಿಗೆ ಸರ್ವರು ಬಿಟ್ಟು ಕದಲುವುದೇ ಇಲ್ಲ, ಅದರ ನಕಲು ಮಾತ್ರ ಓಡಾಡುತ್ತದೆ. ಲಾಗಿನ್ ಆದಾಗ ಸರ್ವರಿನಿಂದ ಗಣಕಕ್ಕೆ ಒಂದು ಪ್ರತಿ ಇಳಿಯುತ್ತದೆ. ದಿನವಿಡೀ ನೀವು ಕೆಲಸ ಮಾಡುವುದು ಆ ಪ್ರತಿಯ ಮೇಲೆ. ಲಾಗ್ ಆಫ್ ಮಾಡಿದಾಗಷ್ಟೇ ಬದಲಾದದ್ದು ಸರ್ವರಿಗೆ ಮರಳುತ್ತದೆ. ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ನೀವು ಬರೆದದ್ದು ಸರ್ವರಿನಲ್ಲಿ ಇರುವುದೇ ಇಲ್ಲ! "ಸರ್ವರಿನಲ್ಲಿ ಎಲ್ಲ ಭದ್ರ" ಎಂದು ನಾನು ಮೇಡಂಗೆ ಹೇಳಿದ್ದು ಎಷ್ಟು ದೊಡ್ಡ ಅರೆಸತ್ಯ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಪೆಟ್ಟಿಗೆಯ ಭಾರ

ಎನ್‌ಟಿ ಕಾಲದಲ್ಲಿ ಒಬ್ಬರ ಪ್ರೊಫೈಲ್ ಕೆಲವೇ ಮೆಗಾಬೈಟು. ಈಗ ಅದು ಗೃಹಪ್ರವೇಶದ ದಿನದ ಅಟ್ಟದಂತೆ, ಕಂಡದ್ದೆಲ್ಲ ಅಲ್ಲಿಗೆ. ಡೌನ್‌ಲೋಡ್ಸ್ ಫೋಲ್ಡರೂ ಪ್ರೊಫೈಲಿನ ಒಳಗೇ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಇಳಿಸಿಕೊಂಡ ಸಿನಿಮಾ ಕೂಡ ಪ್ರತಿ ಹೊಸ ಗಣಕಕ್ಕೆ ನಿಮ್ಮ ಹಿಂದೆಯೇ ನಡೆದು ಬರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ತಂತಿಯಲ್ಲಿ, ಎಲ್ಲವೂ ಕೂಡಿಬಂದರೆ, ಹನ್ನೆರಡೂವರೆ ಮೆಗಾಬೈಟ್ ಸಾಗುತ್ತದೆ. ಪ್ರಯೋಗಾಲಯದಲ್ಲಿ 30 ವಿದ್ಯಾರ್ಥಿಗಳು ಹೊಸ ಹೊಸ ಗಣಕಗಳ ಮುಂದೆ ಒಟ್ಟಿಗೆ ಕೂತು, ಪ್ರತಿಯೊಬ್ಬರ ಪ್ರೊಫೈಲೂ 400 ಮೆಗಾಬೈಟ್ ಆಗಿದ್ದರೆ ಒಟ್ಟು 12,000 ಮೆಗಾಬೈಟ್. ಸರ್ವರಿನ ಒಂದು ತಂತಿಯಲ್ಲಿ ಅಷ್ಟೂ ಇಳಿಯಲು ಕನಿಷ್ಠ 16 ನಿಮಿಷ. ಅದೂ ಕಾಗದದ ಮೇಲಿನ ಲೆಕ್ಕ. ಸಾವಿರಾರು ಪುಟಾಣಿ ಫೈಲುಗಳಿದ್ದರೆ ಇನ್ನೂ ನಿಧಾನ, ಏಕೆಂದರೆ ಪ್ರತಿ ಫೈಲಿಗೂ ಕೇಳಿ, ಹೇಳಿ, ಬಾಗಿಲು ತೆರೆದು ಮುಚ್ಚುವ ಉಪಚಾರ ಬೇರೆ. ಮುಕ್ಕಾಲು ಗಂಟೆಯ ತರಗತಿಯಲ್ಲಿ ಕಾಲು ಗಂಟೆ ಬರೀ ಸ್ವಾಗತಕ್ಕೇ ಹೋದರೆ ಮೇಷ್ಟ್ರಿಗೆ ಸಿಟ್ಟು ಬರದೆ ಇನ್ನೇನು?

ಇದಕ್ಕೆ ಮದ್ದು ವಿಂಡೋಸ್ 2000ದಿಂದಲೇ ಇದೆ, 'ಫೋಲ್ಡರ್ ರಿಡೈರೆಕ್ಷನ್'. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮುಂತಾದ ಭಾರದ ಫೋಲ್ಡರುಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ಸರ್ವರಿನಲ್ಲೇ ಕಾಯಂ ಆಗಿ ನೆಲೆಗೊಳಿಸುವುದು. ಆಗ ನೀವು ಉಳಿಸಿದ್ದು ಉಳಿಸಿದ ಕ್ಷಣವೇ ಸರ್ವರು ಸೇರುತ್ತದೆ, ತಿರುಗಾಟಕ್ಕೆ ಹೊರಡುವುದು ಹಗುರ ಸಾಮಾನು ಮಾತ್ರ. ನಮ್ಮ ಕಚೇರಿಯಲ್ಲೂ ಇದನ್ನು ಮಾಡಬೇಕು ಎಂದು ನಾನು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಅಂದುಕೊಂಡದ್ದರಿಂದ ಯಾರ ಫೈಲೂ ಉಳಿಯಲಿಲ್ಲ ಅನ್ನಿ.

ಬರುವುದೆಷ್ಟು, ಬಾರದ್ದೆಷ್ಟು

ಎಲ್ಲವೂ ಹಿಂಬಾಲಿಸುತ್ತದೆ ಎಂಬ ನಂಬಿಕೆಯೂ ತಪ್ಪು. ವಿಸ್ಟಾ ಬಂದ ಮೇಲೆ ಪ್ರೊಫೈಲಿನಲ್ಲಿ 'ಆ್ಯಪ್‌ಡೇಟಾ' ಎಂಬ ಅಡಗಿದ ಫೋಲ್ಡರೊಂದಿದೆ. ಅದರೊಳಗಿನ 'ರೋಮಿಂಗ್' ಭಾಗ ತಿರುಗಾಟಕ್ಕೆ ಹೊರಡುತ್ತದೆ, 'ಲೋಕಲ್' ಭಾಗ ಮನೆ ಕಾಯುತ್ತದೆ. ಫೈರ್‌ಫಾಕ್ಸ್ ತನ್ನ ಪುಟಗುರುತುಗಳನ್ನು ಮೊದಲನೆಯದರಲ್ಲಿ ಇಡುತ್ತದೆ, ಕ್ರೋಮ್ ಎರಡನೆಯದರಲ್ಲಿ. "ಅವರ ಪುಟಗುರುತು ಬರುತ್ತೆ, ನನ್ನದು ಯಾಕೆ ಬರಲ್ಲ?" ಎಂದು ಇಬ್ಬರು ಗುಮಾಸ್ತರು ನನ್ನ ಎದುರು ಜಗಳಕ್ಕೇ ನಿಂತಿದ್ದರು. ಇಬ್ಬರದ್ದೂ ತಪ್ಪಿರಲಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಪಜೀತಿ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಾಗದಪತ್ರ ನಿಮ್ಮ ಜೊತೆ ಎರಡನೇ ಮಹಡಿಗೆ ಬರುತ್ತದೆ, ಫಾಂಟು ಬರುವುದಿಲ್ಲ. ಅದು ಗಣಕದ ಆಸ್ತಿ, ನಿಮ್ಮದಲ್ಲ. ಅಲ್ಲಿ ಫಾಂಟು ಹಾಕಿಲ್ಲದಿದ್ದರೆ 'ಮಾನ್ಯರೇ' ಎಂದು ಶುರುವಾಗಬೇಕಾದ ಪತ್ರ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು ಬಾಲ ಮೂಡಿದ ಚಿತ್ರಲಿಪಿಯಾಗಿ ಕಾಣುತ್ತದೆ. ಫೈಲು ಹಾಳಾಯಿತೆಂದು ಹೆದರಿ ಅಳಿಸಿ ಹಾಕಿದವರನ್ನು ಕಂಡಿದ್ದೇನೆ. ಫೈಲು ಚೆನ್ನಾಗಿಯೇ ಇರುತ್ತದೆ. ಆ ಗಣಕಕ್ಕೆ ಫಾಂಟು ಹಾಕಿದರೆ ಅಕ್ಷರ ತಾನಾಗಿ ಮೂಡುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಆಗ ನಮ್ಮಲ್ಲಿ ಅರ್ಧ ಗಣಕ ಎಕ್ಸ್‌ಪಿ, ಅರ್ಧ ವಿಂಡೋಸ್ 7. ಇವೆರಡರ ಪೆಟ್ಟಿಗೆಯ ಅಚ್ಚೇ ಬೇರೆ. ವಿಸ್ಟಾ ಮತ್ತು ವಿಂಡೋಸ್ 7 ಸರ್ವರಿನಲ್ಲಿ ನಿಮ್ಮ ಹೆಸರಿನ ಮುಂದೆ '.ವಿ2' ಎಂಬ ಬಾಲ ಹಚ್ಚಿ ಇನ್ನೊಂದು ಫೋಲ್ಡರನ್ನೇ ಮಾಡಿಕೊಳ್ಳುತ್ತವೆ. ಎಕ್ಸ್‌ಪಿಯಲ್ಲಿ ಬೆಳಿಗ್ಗೆ ಡೆಸ್ಕ್‌ಟಾಪಿನ ಮೇಲಿಟ್ಟದ್ದು ಮಧ್ಯಾಹ್ನ ವಿಂಡೋಸ್ 7ರಲ್ಲಿ ಕಾಣುವುದಿಲ್ಲ. ಕಳೆದುಹೋಗಿರುವುದಿಲ್ಲ, ಪಕ್ಕದ ಪೆಟ್ಟಿಗೆಯಲ್ಲಿರುತ್ತದೆ. ಮುಂದೆ ವಿಂಡೋಸ್ 10ರ 2016ರ ಆವೃತ್ತಿಯ ಹೊತ್ತಿಗೆ ಈ ಬಾಲ '.ವಿ6'ರವರೆಗೆ ಬೆಳೆಯಿತು. "ಫೈಲು ಮಾಯ" ಎಂಬ ದೂರು ಬಂದಾಗ ಸರ್ವರಿನಲ್ಲಿ ಅದೇ ಹೆಸರಿನ ಎಷ್ಟು ಫೋಲ್ಡರುಗಳಿವೆ ಎಂದು ಮೊದಲು ಎಣಿಸುವುದು ಒಳ್ಳೆಯ ಅಭ್ಯಾಸ.

ಒಬ್ಬರೇ ಎರಡು ಗಣಕಗಳಲ್ಲಿ ಏಕಕಾಲಕ್ಕೆ ಲಾಗಿನ್ ಆಗಿರುವುದೂ ಉಂಟು. ಬಿಡಿ ಫೈಲುಗಳ ಮಟ್ಟಿಗೆ ವಿಂಡೋಸ್ ಯಾವುದು ಹೊಸದೋ ಅದನ್ನು ಉಳಿಸಿಕೊಳ್ಳುತ್ತದೆ. ಆದರೆ ನಿಮ್ಮ ಆಯ್ಕೆಗಳೆಲ್ಲ ಇರುವುದು 'ಎನ್‌ಟಿಯೂಸರ್.ಡ್ಯಾಟ್' ಎಂಬ ಒಂದೇ ಫೈಲಿನಲ್ಲಿ. ಕೊನೆಗೆ ಯಾರು ಹೊರಬಿದ್ದರೋ ಅವರದ್ದೇ ಮಾತು, ಮೊದಲಿನವರದ್ದು ಅಳಿಸಿಹೋಗುತ್ತದೆ. ಹೊಸದು ಹಳೆಯದು ಎಂಬ ತೀರ್ಪು ಗಡಿಯಾರ ನೋಡಿ ಆಗುವುದರಿಂದ, ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ಸತ್ತು ದಿನಾಂಕ ಹಿಂದೆ ಬಿದ್ದ ಗಣಕ ಇನ್ನೊಂದು ತಲೆನೋವು. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನಿನ ಕಾವಲುಗಾರ ಒಳಗೇ ಬಿಡದಿರಬಹುದು. ಕೆಲವು ರೂಪಾಯಿಯ ಬ್ಯಾಟರಿಗಾಗಿ ನಾನು ಎರಡು ದಿನ ಸರ್ವರಿನ ಅನುಮತಿಗಳನ್ನು ತಡಕಾಡಿದ್ದೇನೆ!

ಆ ಬೋಳು ತೆರೆ

ಇನ್ನು ಮೇಡಂ ಅವರ ಗಣಕಕ್ಕೆ ಬರೋಣ. ಪ್ರೊಫೈಲನ್ನು ಸರಿಯಾಗಿ ತೆರೆಯಲಾಗದಿದ್ದರೆ ವಿಂಡೋಸ್ ಬಾಗಿಲು ಹಾಕುವುದಿಲ್ಲ. ಒಂದು ತಾತ್ಕಾಲಿಕ ಪ್ರೊಫೈಲ್ ಕೊಟ್ಟು ಒಳಗೆ ಕೂರಿಸುತ್ತದೆ. ಹೆಸರು ನಿಮ್ಮದೇ, ಪಾಸ್‌ವರ್ಡ್ ನಿಮ್ಮದೇ, ತೆರೆ ಮಾತ್ರ ಹೊಸ ಗಣಕದ ಹಾಗೆ ಬೋಳು. ಇಲ್ಲಿ ಮಾಡಿದ್ದೆಲ್ಲ ಲಾಗ್ ಆಫ್ ಆದಾಗ ಅಳಿಸಿಹೋಗುತ್ತದೆ ಎಂದು ಮೂಲೆಯಲ್ಲೊಂದು ಗುಳ್ಳೆ ಇಂಗ್ಲಿಷಿನಲ್ಲಿ ಹೇಳಿ, ಕ್ಷಣದಲ್ಲಿ ಮರೆಯಾಗುತ್ತದೆ. ಬಾಳೆಲೆ ಊಟದ ಹಾಗೆ, ಎದ್ದಮೇಲೆ ಎಲೆ ಎತ್ತಿ ಹಾಕುವುದೇ. ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಗುಳ್ಳೆಯಲ್ಲಿ ಹೇಳಿದವರಿಗೆ ಏನನ್ನಬೇಕೋ ನನಗಂತೂ ತಿಳಿಯದು. ಮೇಡಂ ಆ ಹೊತ್ತಿಗೆ ಕನ್ನಡಕ ಒರೆಸುತ್ತಿದ್ದರಂತೆ.

ಗುರುತಿಸುವುದು ಸುಲಭ. ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ 'ಟೆಂಪ್' ಎಂಬ ಹೆಸರು ಕಂಡರೆ ಅದೇ. ಈವೆಂಟ್ ವ್ಯೂಅರಿನ ಅಪ್ಲಿಕೇಷನ್ ದಾಖಲೆಯಲ್ಲಿ 1511 ಎಂಬ ಸಂಖ್ಯೆ ಬಿದ್ದಿರುತ್ತದೆ. ಆ ಬೆಳಿಗ್ಗೆ ನಾನು ಹೇಳಬೇಕಿದ್ದದ್ದು ಇಷ್ಟೇ: "ಲಾಗ್ ಆಫ್ ಮಾಡಬೇಡಿ ಮೇಡಂ. ಏನಾದರೂ ಬರೆದಿದ್ದರೆ ಮೊದಲು ಡಿ ಡ್ರೈವಿಗೋ ಪೆನ್ ಡ್ರೈವಿಗೋ ಹಾಕಿ. ನಾನು ಬರೋವರೆಗೆ ಏನನ್ನೂ ಹೊಸದಾಗಿ ಬರೆಯಬೇಡಿ." ಹತ್ತು ಸೆಕೆಂಡಿನ ಮಾತು.

ಮರುದಿನ ಅವರೂ ಅವರ ಸಹೋದ್ಯೋಗಿಯೂ ರಾತ್ರಿ ಒಂಬತ್ತರವರೆಗೆ ಕೂತು ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಿದರು. ಅಳಿಸಿದ ಫೈಲು ಮರಳಿ ತರುವ ತಂತ್ರಾಂಶಗಳನ್ನೆಲ್ಲ ಓಡಿಸಿ ನೋಡಿದೆ. ಸಿಕ್ಕಿದ್ದು ಎರಡು ಹರಕು ಪುಟ. ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮತ್ತೆ ಹೀಗಾಗದಂತೆ ಮಾಡಲು ಹೊರಟ ನಾನು ಮೊದಲು ಮಾಡಿದ್ದೂ ಒಂದು ತಪ್ಪೇ. ಕೆಟ್ಟ ಪ್ರೊಫೈಲನ್ನು ಎಕ್ಸ್‌ಪ್ಲೋರರಿನಲ್ಲಿ ಹುಡುಕಿ ಫೋಲ್ಡರು ಅಳಿಸಿಬಿಟ್ಟೆ. ಮರುದಿನ ಮತ್ತೆ ಬೋಳು ತೆರೆ. ಗಣಕದ ರಿಜಿಸ್ಟ್ರಿಯಲ್ಲಿ 'ಪ್ರೊಫೈಲ್‌ಲಿಸ್ಟ್' ಎಂಬ ಹಾಜರಿ ಪುಸ್ತಕವೊಂದಿದೆ. ಫೋಲ್ಡರು ಹೋದರೂ ಅಲ್ಲಿ ಹೆಸರು ಉಳಿದಿರುತ್ತದೆ. ಇಲ್ಲದ ಮನೆಯ ವಿಳಾಸ ಹಿಡಿದು ಹೊರಟ ಅಂಚೆಯವನಂತೆ ವಿಂಡೋಸ್ ಹುಡುಕಿ, ಸೋತು, ಮತ್ತೆ ತಾತ್ಕಾಲಿಕ ಪ್ರೊಫೈಲನ್ನೇ ಕೊಡುತ್ತದೆ. ಆ ಪುಸ್ತಕದಲ್ಲಿ ಬಳಕೆದಾರನ ಸಂಖ್ಯೆಯ ಕೊನೆಗೆ '.ಬಿಎಕೆ' ಎಂದು ಕಂಡರೆ ರೋಗ ಅಲ್ಲಿದೆ ಎಂದರ್ಥ. ಅಳಿಸಲೇಬೇಕಿದ್ದರೆ ಸಿಸ್ಟಂ ಪ್ರಾಪರ್ಟೀಸಿನ ಯೂಸರ್ ಪ್ರೊಫೈಲ್ಸ್ ಪಟ್ಟಿಯಿಂದ ಅಳಿಸಬೇಕು, ಆಗ ಪುಸ್ತಕದಿಂದಲೂ ಹೆಸರು ಹೋಗುತ್ತದೆ. ಅದಕ್ಕೂ ಮೊದಲು ಸರ್ವರಿನ ಪ್ರತಿ, ಗಣಕದ ಪ್ರತಿ ಎರಡನ್ನೂ ಬೇರೆಲ್ಲಾದರೂ ನಕಲು ಮಾಡಿಡಬೇಕು. ಯಾವುದು ಒಳ್ಳೆಯ ಪ್ರತಿ ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ.

ಐದು ನಲವತ್ತರ ಸ್ವಿಚ್ಚು

ಎರಡು ವಾರದಲ್ಲಿ ಅದೇ ಕೊಠಡಿಯಲ್ಲಿ ಮೂರು ಸಲ ಹೀಗಾಯಿತು. ಆಂಟಿವೈರಸ್ ಫೈಲನ್ನು ಹಿಡಿದುಕೊಂಡಿದೆಯೇ ಎಂದು ಅದನ್ನು ನಿಲ್ಲಿಸಿದೆ. ಸರ್ವರಿನ ಹಂಚಿಕೆಯ ಅನುಮತಿ ತಿದ್ದಿದೆ. ಪ್ರೊಫೈಲ್ ಫೋಲ್ಡರಿನ ಒಡೆತನ ಕೈಗೆ ತೆಗೆದುಕೊಳ್ಳಲು ಹೋಗಿ ಬಳಕೆದಾರನ ಹಕ್ಕನ್ನೇ ಅಳಿಸಿ, ಇಲ್ಲದ ಹೊಸ ತೊಂದರೆಯನ್ನೂ ತಂದುಕೊಂಡೆ. ಮೇಲಿನ ಮಹಡಿಯಲ್ಲಿ ಅದೇ ವಿಂಡೋಸ್, ಅದೇ ಸರ್ವರು, ಅದೇ ಆಂಟಿವೈರಸ್. ಅಲ್ಲಿ ಏನೂ ಇಲ್ಲ. ಈ ಕೊಠಡಿಗೇ ಏಕೆ?

ಅಲ್ಲಿಯವರೆಗೆ ನಾನು ಓದುತ್ತಿದ್ದದ್ದು ಅಪ್ಲಿಕೇಷನ್ ದಾಖಲೆಯನ್ನು, ಅದೂ ಬೆಳಗಿನದನ್ನು. ಒಂದು ದಿನ ಹಿಂದಿನ ಸಂಜೆಯ ಸಿಸ್ಟಂ ದಾಖಲೆ ತೆರೆದೆ. 6008 ಎಂಬ ಸಂಖ್ಯೆ. ಗಣಕ ಹೇಳದೆ ಕೇಳದೆ ಆರಿಹೋಯಿತು ಎಂದು ಅದರ ಅರ್ಥ. ಮೂರು ಘಟನೆಗಳ ಹಿಂದಿನ ಸಂಜೆಗಳನ್ನೂ ನೋಡಿದೆ. ಮೂರೂ ಕಡೆ 6008, ಮೂರೂ ಐದು ನಲವತ್ತರ ಆಚೀಚೆ.

ಆ ಸಂಜೆ ಐದು ಇಪ್ಪತ್ತಕ್ಕೇ ಹೋಗಿ ಆ ಕೊಠಡಿಯ ಮೂಲೆಯ ಕುರ್ಚಿಯಲ್ಲಿ ಕೂತೆ. ಐದೂವರೆಗೆ ಎಲ್ಲರೂ ಲಾಗ್ ಆಫ್ ಒತ್ತಿ, ಮಾನಿಟರ್ ಆರಿಸಿ, ಚೀಲ ಹೆಗಲಿಗೇರಿಸಿ ಹೊರಟರು. ಮಾನಿಟರ್ ಕಪ್ಪು, ಆದರೆ ಕೆಳಗಿನ ಪೆಟ್ಟಿಗೆಯ ಕೆಂಪು ದೀಪ ಮಿಣುಕುತ್ತಲೇ ಇದೆ. ಐದು ನಲವತ್ತಕ್ಕೆ ಅಟೆಂಡರ್ ಬಂದರು. ಫ್ಯಾನು ಆರಿಸಿದರು, ಕಿಟಕಿ ಹಾಕಿದರು, ಗೋಡೆಯ ಮೇಲಿನ ಮುಖ್ಯ ಸ್ವಿಚ್ಚನ್ನು ಟಪ್ಪನೆ ಕೆಳಗೆಳೆದರು.

"ಏನಣ್ಣಾ, ಗಣಕ ಇನ್ನೂ ಓಡ್ತಾ ಇತ್ತಲ್ಲ?"

"ಎಲ್ಲಾ ಎದ್ದು ಹೋದ್ರಲ್ಲ ಸಾರ್. ಪರದೆ ಆರಿತ್ತು. ಮೇನ್ ತೆಗೀದೆ ಹೋದ್ರೆ ಸಾಹೇಬ್ರು ನಂಗೇ ಮೆಮೋ ಕೊಡ್ತಾರೆ."

ಅವರ ಮಾತಿನಲ್ಲಿ ತಪ್ಪೇನಿತ್ತು? ಆ ಕೊಠಡಿಯಲ್ಲಿ ಮಾತ್ರ ಸೆಕೆಂಡಿಗೆ 10 ಮೆಗಾಬಿಟ್‌ನ ಹಳೆಯ ಹಬ್ ಉಳಿದಿತ್ತು. ಹೊಸದು ಹಾಕುವ ಕಾಗದ ಯಾವುದೋ ಮೇಜಿನ ಮೇಲಿತ್ತು. ಮಾರ್ಚ್ ತಿಂಗಳಲ್ಲಿ ಲೆಕ್ಕದವರು ವೋಚರುಗಳನ್ನು ಸ್ಕ್ಯಾನ್ ಮಾಡಿ ಡೆಸ್ಕ್‌ಟಾಪಿನಲ್ಲಿ ರಾಶಿ ಹಾಕುತ್ತಾರೆ. ಒಂದು ದಿನಕ್ಕೆ 600 ಮೆಗಾಬೈಟ್ ಎಂದಿಟ್ಟುಕೊಳ್ಳಿ. ಆ ಹಬ್ಬಿನಲ್ಲಿ ಒಬ್ಬರದ್ದೇ ಸಾಗಿದರೂ ಎಂಟು ನಿಮಿಷ ಬೇಕು. ಇಬ್ಬರು ಮೂವರು ಒಟ್ಟಿಗೆ ಹೊರಟರೆ ಐದು ನಲವತ್ತು ದಾಟುವುದು ಖಂಡಿತ. ನಕಲು ಅರ್ಧದಲ್ಲಿರುವಾಗ ವಿದ್ಯುತ್ತು ಹೋದರೆ ಎನ್‌ಟಿಯೂಸರ್.ಡ್ಯಾಟ್ ಅರ್ಧ ಬರೆದು ಬಿದ್ದಿರುತ್ತದೆ. ಆಟ ಮುಗಿದಿದೆ, ಪೆಟ್ಟಿಗೆ ಇನ್ನೂ ಕಟ್ಟುತ್ತಿದ್ದಾರೆ, ಅಷ್ಟರಲ್ಲಿ ಯಾರೋ ಚೌಕಿಯ ದೀಪ ಆರಿಸಿದ ಹಾಗೆ.

ಹಬ್ಬು ತೆಗೆದು ಸ್ವಿಚ್ ಹಾಕಿಸಿದೆವು. ಆ ಕಾಗದ ಈಗ ಎರಡೇ ದಿನದಲ್ಲಿ ಸಹಿಯಾಗಿ ಬಂತು! ಮುಂದಿನ ಎರಡು ಶನಿವಾರ ಕೂತು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಸರ್ವರಿನಲ್ಲೇ ನೆಲೆಗೊಳಿಸಿದೆ. ಅಟೆಂಡರಣ್ಣನಿಗೆ ಪೆಟ್ಟಿಗೆಯ ಕೆಂಪು ದೀಪ ತೋರಿಸಿದೆ. ಅಂದಿನಿಂದ ಅವರು ದೀಪ ನೋಡದೆ ಸ್ವಿಚ್ಚು ಮುಟ್ಟಲಿಲ್ಲ. ಒಂದೆರಡು ಸಲ ಏಳು ಗಂಟೆಗೆ ನನ್ನ ಮನೆಗೇ ಫೋನು ಮಾಡಿ "ಇನ್ನೂ ಮಿಣುಕ್ತಾ ಇದೆ ಸಾರ್, ಏನ್ ಮಾಡ್ಲಿ?" ಎಂದು ಕೇಳಿದ್ದೂ ಉಂಟು.

ಈಗಿನ ಹೊಸ ಕಚೇರಿಗಳು ಈ ಪದ್ಧತಿಯಿಂದ ದೂರ ಸರಿಯುತ್ತಿವೆ. ಫೈಲುಗಳನ್ನು ಒನ್‌ಡ್ರೈವ್ ನೋಡಿಕೊಳ್ಳುತ್ತದೆ. ಮೈಕ್ರೋಸಾಫ್ಟ್ 2018ರಲ್ಲಿ ಕೊಂಡ ಎಫ್‌ಎಸ್‌ಲಾಜಿಕ್ಸ್ ಎಂಬ ತಂತ್ರಾಂಶ ಇಡೀ ಪ್ರೊಫೈಲನ್ನು ಒಂದೇ ಡಿಸ್ಕ್ ಫೈಲಿನೊಳಗೆ ತುಂಬಿ ಜಾಲದ ಮೂಲಕವೇ ಜೋಡಿಸುತ್ತದೆ, ನಕಲು ಇಳಿಸುವ ಗೋಜಿಲ್ಲ. ಆದರೂ ರೋಮಿಂಗ್ ಪ್ರೊಫೈಲ್ ವಿಂಡೋಸ್ 11ರಲ್ಲೂ ಇದೆ. ಇಂಟರ್‌ನೆಟ್ಟನ್ನು ನಂಬಿ ಕೂರಲಾಗದ ಕಡೆಗಳಲ್ಲಿ ಅದರ ತಿರುಗಾಟ ಸದ್ಯಕ್ಕೆ ನಿಲ್ಲುವಂತೆ ಕಾಣುವುದಿಲ್ಲ.

ಮೇಡಂ 2014ರಲ್ಲಿ ನಿವೃತ್ತರಾದರು. ನಿವೃತ್ತರ ಖಾತೆ ಅಳಿಸುವುದು ನನ್ನ ಕೆಲಸವೇ. ಹಿಂದಿನ ದಿನ ಬಂದು, "ಆ ಮೊಮ್ಮಗಳ ಫೋಟೋ ತೆಕ್ಕೊಡಕ್ಕಾಗುತ್ತಾ? ಮನೆಯಲ್ಲಿದ್ದ ಪ್ರತಿ ಎಲ್ಲೋ ಹೋಯ್ತು" ಎಂದರು. ಅವರ ಪಿಕ್ಚರ್ಸ್ ಫೋಲ್ಡರಿನಲ್ಲೂ ಅದು ಇರಲಿಲ್ಲ. ಆದರೆ ವಿಂಡೋಸ್ 7 ಡೆಸ್ಕ್‌ಟಾಪಿಗೆ ಹಾಕಿದ ಚಿತ್ರದ ಒಂದು ಪ್ರತಿಯನ್ನು ರೋಮಿಂಗ್ ಭಾಗದ ಥೀಮ್ಸ್ ಫೋಲ್ಡರಿನಲ್ಲಿ 'ಟ್ರಾನ್ಸ್‌ಕೋಡೆಡ್‌ವಾಲ್‌ಪೇಪರ್' ಎಂಬ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಸರ್ವರಿನ '.ವಿ2' ಪೆಟ್ಟಿಗೆ ತೆರೆದೆ. ಎರಡು ಜಡೆ ಹಾಕಿಕೊಂಡ ಮಗು ನಗುತ್ತಿತ್ತು.

ಪೆನ್ ಡ್ರೈವಿಗೆ ಹಾಕಿಕೊಡುವಾಗ ಆಡಿಟ್ ಉತ್ತರಗಳ ಫೈಲೂ ಕಣ್ಣಿಗೆ ಬಿತ್ತು. "ಇದೂ ಹಾಕಲಾ ಮೇಡಂ?" ಎಂದೆ.

"ಅದು ಬೇಡಪ್ಪಾ" ಎಂದು ನಕ್ಕರು. "ಎರಡು ಸಲ ಬರೆದಿದ್ದೀನಿ. ಮೂವತ್ತೆಂಟೂ ಬಾಯಿಗೆ ಬರುತ್ತೆ."